ಟ್ಯಾಂಕರ್ ಬಂದಿದೆ

(ಅಜ್ಜಂಪುರದ ಹೊರಗೆ, ಭದ್ರಾ ಮೇಲ್ದಂಡೆ ನಾಲೆ ಕೆಲಸದ ಪಕ್ಕದ ಟೀ ಅಂಗಡಿ. ರಸ್ತೆ ಎಂದೂ ಇಲ್ಲದಷ್ಟು ಒದ್ದೆ.)

ಅಜ್ಜ: ಏನ್ ಮೇಸ್ತ್ರಿ, ಬೆಳಗ್ಗೆಯಿಂದ ನೀರು ಹೊಡಿಸ್ತಿದೀಯ? ನನ್ನ ತೆಂಗಿನ ಗರಿ ಧೂಳು ಹೊದ್ದು ಎಷ್ಟು ಕಾಲ ಆಯ್ತೋ.

ಮೇಸ್ತ್ರಿ: ಪರಿಸರ ಕಾಳಜಿ ಅಜ್ಜಾ.

ಅಜ್ಜ: ಯಾವ ಸಾಹೇಬ್ರು ಬರ್ತಾರೆ?

ಮೇಸ್ತ್ರಿ: ಬೆಂಗಳೂರಿನವ್ರು, ಹನ್ನೊಂದಕ್ಕೆ. ಫೋಟೋ ಇಲ್ದಿದ್ರೆ ಬಿಲ್ ಆಗಲ್ಲ.

ಅಜ್ಜ: ಕಾಳಜಿ ಎಷ್ಟೊತ್ತಿನ ತನಕ?

ಮೇಸ್ತ್ರಿ: ಊಟದ ತನಕ.

ಅಜ್ಜ: ಆ ಹುಲ್ಲುಗಾವಲಲ್ಲಿ ನೆಟ್ಟಿರೋ ಗಿಡಗಳು?

ಮೇಸ್ತ್ರಿ: ನಾಲೆಗೆ ಕಡಿದ ಮರದ ಲೆಕ್ಕಕ್ಕೆ. ಕಾವಲು ಖಾಲಿ ಬಿದ್ದಿತ್ತಲ್ಲ.

ಅಜ್ಜ: ಖಾಲಿನಾ? ಅಮೃತ್ ಮಹಲ್ ದನ ಮೇದಿದ್ದು ಆ ಹುಲ್ಲನ್ನೇ ಕಣಯ್ಯಾ. ಬಾಸೂರು ಕಾವಲಿನ ಕೃಷ್ಣಮೃಗಕ್ಕೂ ಬಯಲೇ ಬೇಕು. ಮರ ನೆಟ್ಟು ಅವುಗಳ ಮನೆ ಕಿತ್ತಂಗಾಯ್ತು.

ಮೇಸ್ತ್ರಿ: ಫಾರಂನಲ್ಲಿ ಹುಲ್ಲಿಗೆ ಕಾಲಂ ಇಲ್ಲ ಅಜ್ಜಾ, ಗಿಡಕ್ಕಿದೆ.

ಅಜ್ಜ: ಭದ್ರಾ ಮೇಲ್ದಂಡೆಗೆ 2023ರ ಕೇಂದ್ರ ಬಜೆಟ್ಟಲ್ಲಿ 5,300 ಕೋಟಿ ಅಂದ್ರಲ್ಲ, ಧೂಳಿನ ಪಾಲೆಷ್ಟು?

ಮೇಸ್ತ್ರಿ: ಟ್ಯಾಂಕರಿನವನೂ ಅದನ್ನೇ ಕೇಳ್ತಾನೆ.

(ಫೋನು. ಮೇಸ್ತ್ರಿಯ ಮುಖ ಅರಳುತ್ತದೆ.)

ಮೇಸ್ತ್ರಿ: ಸಾಹೇಬ್ರು ಮುಂದಿನ ವಾರಕ್ಕಂತೆ! ಏಯ್, ನೀರು ನಿಲ್ಸೋ!

ಅಜ್ಜ: ಅರ್ಧ ಟ್ಯಾಂಕರ್ ಉಳಿದಿದೆ ತಾನೆ? ನನ್ನ ತೋಟದ ಹತ್ರ ನಿಲ್ಸು ಅನ್ನು.