ಒಂದ್ಸಲ ಆಫ್ ಮಾಡಿ ಆನ್ ಮಾಡಿ ಅಣ್ಣಾ

ಬೆಂಗಳೂರಿನ ಉತ್ತರ ದಿಕ್ಕಿನಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಹೇಳುವವರು ಊರಿಗೆ ಹೊಸಬರು. ಯಲಹಂಕದ ನಮ್ಮ ಮನೆಯಿಂದ ಗೊರಗುಂಟೆಪಾಳ್ಯದ ಆಫೀಸು ಎಷ್ಟು ದೂರ ಎನ್ನುವುದನ್ನು ತೀರ್ಮಾನಿಸುವುದು ಗಂಗಮ್ಮ ಸರ್ಕಲ್ಲು, ಬಿಇಎಲ್ ಸರ್ಕಲ್ಲು ಮತ್ತು ಅವತ್ತಿನ ನಮ್ಮ ಪುಣ್ಯ. ಗೊರಗುಂಟೆಪಾಳ್ಯಕ್ಕೆ 2014ರಲ್ಲೇ ಮೆಟ್ರೋ ಬಂತು, ನಿಜ. ಆದರೆ ಆ ಹಸಿರು ಮಾರ್ಗಕ್ಕೂ ಯಲಹಂಕಕ್ಕೂ ಯಾವ ಜನ್ಮದ ಸಂಬಂಧವೂ ಇಲ್ಲ.

ಇಷ್ಟು ಹೇಳಲು ಕಾರಣ ನಮ್ಮ ಸರ್ವರ್ ರೂಮು. ಹಿಂದೆ ರಟ್ಟಿನ ಡಬ್ಬಗಳನ್ನು ಪೇರಿಸುತ್ತಿದ್ದ ಕೋಣೆ ಅದು. ಈಗ ಅಲ್ಲಿ ಒಂದು ರ‍್ಯಾಕು, ಒಂದು ಯುಪಿಎಸ್ಸು, ಸದಾ ಕಣ್ಣೀರು ಸುರಿಸುವ ಒಂದು ಎ.ಸಿ. ಸರ್ವರುಗಳು ಹಗಲು ಹೊತ್ತು ಸಜ್ಜನರು. ಮುನಿಸಿಕೊಳ್ಳುವುದೇನಿದ್ದರೂ ರಾತ್ರಿ ಹನ್ನೊಂದರ ಮೇಲೆ. ಅವುಗಳ ಸಕಲ ರೋಗಕ್ಕೂ ಒಂದೇ ಔಷಧಿ: ಆಫ್ ಮಾಡಿ ಆನ್ ಮಾಡುವುದು. ಇಂಜಿನಿಯರಿಂಗ್ ಓದಿ ನಾನು ಸಂಪಾದಿಸಿದ ವಿದ್ಯೆಯಲ್ಲಿ ಹೊಟ್ಟೆಗೆ ಅನ್ನ ಹಾಕಿರುವುದು ಇದೊಂದೇ.

2021ರ ಡಿಸೆಂಬರಿನಲ್ಲಿ ಪೀಣ್ಯ ಮೇಲ್ಸೇತುವೆಯ ಕೇಬಲ್ಲುಗಳಲ್ಲಿ ದೋಷ ಕಂಡು ಸಂಚಾರ ನಿಲ್ಲಿಸಿದರಲ್ಲ, ಆಗ ಮೇಲೆ ಓಡುತ್ತಿದ್ದ ಲಾರಿ, ಬಸ್ಸುಗಳೆಲ್ಲ ಕೆಳಗಿಳಿದು ತುಮಕೂರು ರಸ್ತೆಯಲ್ಲಿ ಬಿಡಾರ ಹೂಡಿದವು. ಸ್ವಿಚ್ ಒತ್ತಲೆಂದು ಆಫೀಸಿಗೆ ಹೋಗುವುದು ಇನ್ನು ಆಗದ ಮಾತು ಎಂದು ನಮ್ಮ ಸಾಹೇಬರಿಗೆ ಜ್ಞಾನೋದಯವಾಗಿದ್ದು ಆಗಲೇ. ದೂರದಿಂದಲೇ ಕರೆಂಟು ಕೊಡುವ, ಕಸಿಯುವ ಪಿಡಿಯು ಬಂತು. ನೋಡಲು ಪ್ಲಗ್ಗುಗಳ ಕಪ್ಪು ಪಟ್ಟಿ, ಬೆಲೆ ಕೇಳಿದರೆ ಕೂತೇ ಕೇಳಬೇಕು. ಹಾಸಿಗೆಯಲ್ಲಿ ಮಲಗಿ ಲ್ಯಾಪ್‌ಟಾಪಿನಲ್ಲಿ ಒಂದು ಗುಂಡಿ ಒತ್ತಿದರೆ ಗೊರಗುಂಟೆಪಾಳ್ಯದಲ್ಲಿ ಸರ್ವರು ಕಣ್ಣು ಮುಚ್ಚಿ ತೆರೆಯುತ್ತದೆ.

ಇದಕ್ಕೂ ಮುಂಚೆ ಬಡವರ ಉಪಾಯವೊಂದಿತ್ತು, ವೇಕ್ ಆನ್ ಲ್ಯಾನ್. ಮಲಗಿದ ಕಂಪ್ಯೂಟರನ್ನು ಎಬ್ಬಿಸಲು ಅದರ ವಿಳಾಸವನ್ನು ತಂತಿಯಲ್ಲಿ 16 ಸಲ ಜಪಿಸಿ ಕಳಿಸಬೇಕು. ಕಮ್ಮಿಯಾದರೆ ಏಳುವುದಿಲ್ಲ. ಷೋಡಶೋಪಚಾರವಿಲ್ಲದೆ ನಮ್ಮ ದೇವರೂ ಪ್ರಸನ್ನನಾಗುವುದಿಲ್ಲವಷ್ಟೆ. ಆದರೆ ಈ ಸುಪ್ರಭಾತ ಮಲಗಿದವರಿಗೆ ಮಾತ್ರ. ಎದ್ದೇ ಇದ್ದು ಮಾತಾಡದೆ ಕೂತವರ ಮೇಲೆ ನಡೆಯುವುದಿಲ್ಲ.

ಪಿಡಿಯುವಿನಲ್ಲಿ ಎರಡು ಗುಂಡಿಗಳಿವೆ. ಒಂದು ಆಫ್. ಇನ್ನೊಂದು ರೀಬೂಟ್, ಅಂದರೆ ಆರಿಸಿ, ಕೆಲವು ಸೆಕೆಂಡು ಕಾದು, ತಾನೇ ಹೊತ್ತಿಸುವುದು. ಅಳವಡಿಸಿದ ಪುಣ್ಯಾತ್ಮರು ಎಲ್ಲವನ್ನೂ ಪಟ್ಟಿಗೆ ಚುಚ್ಚಿದ್ದರು. ಪಟ್ಟಿಗೆ ನೆಟ್‌ವರ್ಕ್ ಕೊಡುವ ಸ್ವಿಚ್ಚನ್ನೂ ಚುಚ್ಚಿದ್ದರು! ಒಂದು ಭಾನುವಾರ ರಾತ್ರಿ ನಮ್ಮ ಹುಡುಗನೊಬ್ಬ ಆ ಸ್ವಿಚ್ಚಿನ ಮುಂದಿನ ಆಫ್ ಒತ್ತಿದ. ಆಫ್ ಆಯಿತು. ಆನ್ ಮಾಡುವ ದಾರಿಯೂ ಅದರ ಜೊತೆಗೇ ಹೋಯಿತು. ಮರುಕ್ಷಣ ಹುಡುಗ ನನಗೆ ಫೋನ್ ಮಾಡಿದ. ನಾನು ಆಫೀಸಿನ ಸೆಕ್ಯೂರಿಟಿ ಅಣ್ಣನಿಗೆ ಮಾಡಿದೆ. ಶಿರಾ ಕಡೆಯವರು, ನಿಧಾನಸ್ಥರು.

"ಅಣ್ಣಾ, ರ‍್ಯಾಕ್ ಹಿಂದೆ ಕಪ್ಪು ಪಟ್ಟಿ ಇದೆ ನೋಡಿ. ಮೂರನೇ ನಂಬರ್ ಎಲ್ಲಿದೆ?"

"ಮೂರೋ ಎಂಟೋ ತಿಳೀವಲ್ದು ಸಾ. ಆಯುಧಪೂಜೇಲಿ ಕುಂಕುಮ ಮೆತ್ತವ್ರೆ."

"ಒರೆಸಿ ನೋಡಿ."

"ಪೂಜೆ ಕುಂಕುಮ ಸಾ…"

ಆ ಕಡೆ ಮೌನ. ಧರ್ಮಸಂಕಟವನ್ನು ಅವರೇ ಬಗೆಹರಿಸಿದರು. "ಸಾ, ಒಂದು ಡಬ್ಬದಾಗೆ ಲೈಟೇ ಇಲ್ಲ. ಅದರ ವೈರು ಕಿತ್ತು ಗೋಡೆ ಪ್ಲಗ್ಗಿಗೆ ಹಾಕ್ಲಾ?"

ಹಾಕಿದರು. ಪರದೆಯ ಮೇಲೆ ಕೆಂಪಗಿದ್ದುದೆಲ್ಲ ಒಂದೊಂದಾಗಿ ಹಸಿರಾಯಿತು. "ಮತ್ತೆ ಈ ಕಪ್ಪು ಪಟ್ಟಿ ಏತಕ್ಕೆ ಸಾ?" ಎಂದು ಕೇಳಿದರು. ಸಿಗ್ನಲ್ ಸರಿಯಿಲ್ಲ ಎಂದು ಫೋನಿಟ್ಟೆ.

ಮರುದಿನ ನೋಡಿದರೆ ಹುಡುಗನ ಮುಖ ಬಾಡಿತ್ತು. ಫೇಸ್‌ಬುಕ್ಕಿನ ಕಥೆ ಹೇಳಿ ಸಮಾಧಾನ ಮಾಡಿದೆ. 2021ರ ಅಕ್ಟೋಬರ್ 4ರಂದು ಅವರದೇ ಒಂದು ಆದೇಶ ಅವರದೇ ನೆಟ್‌ವರ್ಕನ್ನು ಮುಳುಗಿಸಿತು. ಸರಿಪಡಿಸುವ ಉಪಕರಣಗಳೂ ಅದೇ ನೆಟ್‌ವರ್ಕಿನ ಮೇಲಿದ್ದವು. ಇಂಜಿನಿಯರುಗಳು ಕಟ್ಟಡಕ್ಕೇ ಹೋಗಬೇಕಾಯಿತು. ಸುಮಾರು ಆರು ಗಂಟೆ ಜಗತ್ತಿಗೆ ವಾಟ್ಸಾಪಿನ ಶುಭೋದಯವೇ ಇರಲಿಲ್ಲ. ಅವರಿಗೊಬ್ಬ ಶಿರಾದ ಅಣ್ಣ ಇರಲಿಲ್ಲ, ಪಾಪ.

ದೂರದಿಂದ ಕರೆಂಟು ಆಳುವುದು ನಮ್ಮ ನಾಡಿಗೆ ಹೊಸದೂ ಅಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಸುಮಾರು 147 ಕಿಲೋಮೀಟರ್ ತಂತಿ ಹಿಡಿದು ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ಆ ತಂತಿಯ ಎರಡು ತುದಿಯಲ್ಲೂ ಆಳುಗಳಿದ್ದರು. ನಮ್ಮ ಸಾಹೇಬರು ಒಂದು ತುದಿಯ ಆಳಿನ ಖರ್ಚು ಉಳಿಸಲು ಹೊರಟಿದ್ದರು.

ಸ್ವಿಚ್ಚು ಈಗಲೂ ಗೋಡೆಯ ಪ್ಲಗ್ಗಿನಲ್ಲೇ ಇದೆ. ಪುಸ್ತಕದ ಪ್ರಕಾರ ನೆಟ್‌ವರ್ಕ್ ಸತ್ತಾಗ ಬಳಸಲು ಸಿಮ್ ಹಾಕಿದ ಬೇರೊಂದು ದಾರಿ ಇರಬೇಕು, ಅದಕ್ಕೆ ಔಟ್ ಆಫ್ ಬ್ಯಾಂಡ್ ಎನ್ನುತ್ತಾರೆ. ನಾವು ಈ ವರ್ಷದ ಬಜೆಟ್ಟಿನಲ್ಲಿ ಆ ಹೆಸರಿನಡಿ ಸೆಕ್ಯೂರಿಟಿ ಅಣ್ಣನ ಮೊಬೈಲ್ ರೀಚಾರ್ಜ್ ಸೇರಿಸಿದ್ದೇವೆ. ಸಾಹೇಬರು ಸಹಿ ಹಾಕಿದರು. ಆಡಿಟರು ಮಾತ್ರ ಮಾಡೆಲ್ ನಂಬರು, ವಾರಂಟಿ ಎಲ್ಲಿಯವರೆಗಿದೆ ಎಂದು ಕೇಳಿ ಕಾಗದ ಕಳಿಸಿದ್ದಾರೆ.