ಎರಡು ತೆಪ್ಪಗಳ ನಡುವೆ

ಗ್ರೀನ್‌ಫರ್ಡಿನ ನಮ್ಮ ಬೀದಿ ದಾಟಿದರೆ ಗ್ರ್ಯಾಂಡ್ ಯೂನಿಯನ್ ಕಾಲುವೆಯ ಪ್ಯಾಡಿಂಗ್ಟನ್ ಕವಲು. 1801ರಲ್ಲಿ ತೆರೆದದ್ದು. ಇಲ್ಲಿಂದ ಪ್ಯಾಡಿಂಗ್ಟನ್‌ವರೆಗೆ ದೋಣಿಯನ್ನು ಏರಿಸಿ ಇಳಿಸುವ ಲಾಕ್ ಒಂದೂ ಇಲ್ಲ; ನನ್ನಂಥ ಸೋಮಾರಿಗೆ ಹೇಳಿ ಮಾಡಿಸಿದ ಜಲಮಾರ್ಗ. ಮನೆಮಂದಿಯೆಲ್ಲ ಒಂದು ದಿನ ತೇಲೋಣವೆಂದು ಬಾಡಿಗೆಗೆ ಪಾಂಟೂನ್ ದೋಣಿ ನೋಡಲು ಹೋದೆವು. ಇದ್ದವು ಎರಡು. ಎರಡಕ್ಕೂ ಅಡಿಯಲ್ಲಿ ಜೋಡಿ ಅಲ್ಯೂಮಿನಿಯಂ ಕೊಳವೆ, ಮೇಲೆ ಜಗಲಿ, ಬಿಸಿಲಿಗೊಂದು ಚಪ್ಪರ (ಲಂಡನ್ನಿನ ಬಿಸಿಲಿಗೆ!). ಒಂದರ ಸೀಟು ಬೂದು, ಇನ್ನೊಂದರದ್ದು ತುಸು ಹೆಚ್ಚು ಬೂದು.

ನಾನು ಎಂಜಿನ್ನುಗಳ ಅಶ್ವಶಕ್ತಿ ಹೋಲಿಸಿ ದೊಡ್ಡ ಕೋಷ್ಟಕವನ್ನೇ ಬರೆದೆ. ಮಗಳು ಇಣುಕಿ, “ಅಪ್ಪಾ, ಕಾಲುವೆಯಲ್ಲಿ ಗಂಟೆಗೆ 4 ಮೈಲಿ ದಾಟುವ ಹಾಗಿಲ್ಲ” ಎಂದಳು. ಅಂದರೆ ದಂಡೆಯಲ್ಲಿ ಓಡುವವರೆಲ್ಲ ನಮ್ಮನ್ನು ಹಿಂದೆ ಹಾಕಬಹುದು. ಅಶ್ವಗಳು ಅಲ್ಲೇ ಮಲಗಿದವು.

ಅತ್ತೆಯವರ ಚಿಂತೆಯೇ ಬೇರೆ: “ಬಿಸಿಬೇಳೆಬಾತಿನ ಡಬ್ಬಿ ಯಾವುದ್ರಲ್ಲಿ ಅಲುಗಾಡ್ದೆ ಕೂರತ್ತೆ, ಕೇಳಿ ಅಳಿಯಂದ್ರೆ.” ಕೇಳಿದೆ. ಮಾಲೀಕ ಗಂಭೀರವಾಗಿ ಬಿಯರ್ ಲೋಟ ಇಡುವ ಗುಳಿ ತೋರಿಸಿದ. ಅತ್ತೆಯವರು ಅವನನ್ನೂ ನನ್ನನ್ನೂ ಒಟ್ಟಿಗೆ ನೋಡಿದರು.

ಕೊನೆಗೆ ನನ್ನವಳು, ಸೀರೆ ಅಂಗಡಿಯಲ್ಲಿ ನಿಂತಂತೆ ನಿಂತು, “ಎರಡೂ ಒಂದೇ ರೀ, ಆದ್ರೆ ಆ ಕಡೇದು ಚೆನ್ನಾಗಿದೆ” ಎಂದು ತೀರ್ಪಿತ್ತಳು. ಆ ಕಡೆಯದನ್ನು ಯಾರೋ ಆಗಲೇ ಬುಕ್ ಮಾಡಿದ್ದರು.