ಷಡ್ಡಕನ ಸ್ಕ್ರೂಡ್ರೈವರ್

ಹೆಂಡತಿಯ ತಂಗಿಯ ಗಂಡನಿಗೆ ಇಲ್ಲ ಅನ್ನುವುದು ಬಲು ಕಷ್ಟ. ಅಣ್ಣನಾದರೆ ಜಗಳ ಆಡಬಹುದು. ಸ್ನೇಹಿತನಾದರೆ ಫೋನ್ ಎತ್ತದೆ ಇರಬಹುದು. ಭಾವಮೈದುನನ ಮೇಲೆ ಮುನಿಸಿಕೊಳ್ಳುವುದಕ್ಕಂತೂ ಶಾಸ್ತ್ರದಲ್ಲೇ ಅವಕಾಶವಿದೆ. ಷಡ್ಡಕನ ವಿಷಯದಲ್ಲಿ ಇದಾವುದೂ ನಡೆಯುವುದಿಲ್ಲ. ಆತ ಬಂದಾಗ ನಗಬೇಕು, ಹೊರಟಾಗ ಗೇಟಿನ ತನಕ ಹೋಗಿ ಬೀಳ್ಕೊಡಬೇಕು, ನಡುವೆ ನಮ್ಮ ಕಂಪ್ಯೂಟರಿನ ಹೊಟ್ಟೆ ಬಗೆದು ಕೂತರೆ ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿಯಬೇಕು.

ಕಂಪ್ಯೂಟರ್ ರಿಪೇರಿ ಮಾಡುವ ನೆಂಟರು ಮನೆತನಕ್ಕೊಬ್ಬರು ಇದ್ದೇ ಇರುತ್ತಾರೆ. ಇಂಜಿನಿಯರೇ ಆಗಿರಬೇಕೆಂದೇನಿಲ್ಲ. ಇಂಜಿನಿಯರುಗಳು ಜಾಣರು, 'ನಂದು ಸಾಫ್ಟ್‌ವೇರು, ಹಾರ್ಡ್‌ವೇರ್ ಗೊತ್ತಾಗಲ್ಲ' ಎಂದು ಮೊದಲೇ ಜಾರಿಕೊಂಡಿರುತ್ತಾರೆ. ನಮ್ಮ ಷಡ್ಡಕರು ಬ್ಯಾಂಕಿನ ಸಾಲ ವಿಭಾಗದವರು. ಬ್ಯಾಂಕಿಗೆ ಕಂಪ್ಯೂಟರ್ ಕಾಲಿಟ್ಟ ಹೊಸದರಲ್ಲಿ, ಉಳಿದವರೆಲ್ಲ ಅದನ್ನು ದೂರದಿಂದ ನೋಡುತ್ತಿದ್ದಾಗ, ಇವರನ್ನು ತರಬೇತಿಗೆ ಕಳಿಸಿದರಂತೆ. ಅಲ್ಲಿ ಯಾರೋ ಕ್ಯಾಬಿನೆಟ್ಟಿನ ಮುಚ್ಚಳ ತೆಗೆದು ತೋರಿಸಿದರು. ಅಲ್ಲಿಂದಾಚೆ ಮುಚ್ಚಳ ಹಾಕಿದ ಕಂಪ್ಯೂಟರನ್ನು ಕಂಡರೆ ಇವರಿಗೆ ಸಮಾಧಾನವಿಲ್ಲ.

ನಾಮಕರಣಕ್ಕೆ ಬಂದರೂ ಅಷ್ಟೆ, ವೈಕುಂಠ ಸಮಾರಾಧನೆಗೆ ಬಂದರೂ ಅಷ್ಟೆ. ಎಲೆ ಹಾಕುವ ಮೊದಲು ಒಂದು ಸುತ್ತು ಮನೆಯೊಳಗೆ ಓಡಾಡಿ, ಮೂಲೆಯಲ್ಲಿ ಹೂವಿನ ಕಸೂತಿಯ ಬಟ್ಟೆ ಹೊದ್ದು ಕೂತ ಕಂಪ್ಯೂಟರನ್ನು ಕಂಡುಹಿಡಿಯುತ್ತಾರೆ. ಆಮೇಲೆ ಮನೆಯವರ ಕಡೆ ತಿರುಗಿ, ಡಾಕ್ಟರು ಮಲಮೂತ್ರ ಸರಿಯಾಗಿದೆಯೇ ಎಂದು ವಿಚಾರಿಸುವ ದನಿಯಲ್ಲಿ, 'ಸ್ಲೋ ಇದೆಯಾ?' ಎನ್ನುತ್ತಾರೆ. ಈ ಭೂಮಿಯ ಮೇಲೆ ಈ ಪ್ರಶ್ನೆಗೆ ಇಲ್ಲವೆಂದು ಹೇಳಿದ ಗೃಹಸ್ಥ ಹುಟ್ಟಿಲ್ಲ.

ಮೊದಲ ಚಿಕಿತ್ಸೆ ರಿಫ್ರೆಶ್. ಮೌಸಿನ ಬಲಗುಂಡಿ ಒತ್ತಿ ಪಟಪಟನೆ ಐದಾರು ಸಲ ರಿಫ್ರೆಶ್ ಹೊಡೆಯುತ್ತಾರೆ. ಅದರಿಂದ ಕಂಪ್ಯೂಟರ್ ಕೂದಲೆಳೆಯಷ್ಟೂ ಚುರುಕಾಗುವುದಿಲ್ಲ, ಪರದೆಯ ಮೇಲಿನ ಚಿತ್ರಗಳನ್ನು ಮತ್ತೊಮ್ಮೆ ಬರೆದು ತೋರಿಸುತ್ತದೆ ಅಷ್ಟೆ. ಇದನ್ನು ನನಗೆ ಹೇಳಿಕೊಟ್ಟವರೂ ಅವರೇ. 'ಮತ್ತೆ ನೀವ್ಯಾಕೆ ಹೊಡೀತೀರಿ?' ಅಂದರೆ, 'ಅಭ್ಯಾಸ ಭಾವ' ಅಂದರು.

ಸ್ಕೂಟರಿನ ಡಿಕ್ಕಿಯಲ್ಲಿ ಅವರ ಆಸ್ಪತ್ರೆಯೇ ಇದೆ: ಮ್ಯಾಗ್ನೆಟ್ ಮೂತಿಯ ಸ್ಕ್ರೂಡ್ರೈವರು, ಪೇಂಟ್ ಬ್ರಷ್ಷು, ಅರ್ಧ ಒಣಗಿದ ಥರ್ಮಲ್ ಪೇಸ್ಟಿನ ಟ್ಯೂಬು, ಯಾವ ಕಂಪ್ಯೂಟರಿನದೆಂದು ಮರೆತುಹೋದ ಕೇಬಲ್ಲುಗಳು, ಜೊತೆಗೆ ಪೆನ್ಸಿಲ್ ಬರಹ ಅಳಿಸುವ ನಟರಾಜ ರಬ್ಬರು. ರಬ್ಬರನ್ನು ಕಂಡು ನಾನು ಮೊದಲು ನಕ್ಕಿದ್ದೆ. ಆನ್ ಮಾಡಿದರೆ ಪರದೆ ಕಪ್ಪಗೇ ಇದ್ದು, ಕ್ಯಾಬಿನೆಟ್ಟು ಬೀಪ್ ಬೀಪ್ ಎಂದು ಅರಚುತ್ತಿದ್ದ ದಿನ ನಗು ನಿಂತಿತು. ಇವರು ರ‍್ಯಾಮ್ ಪಟ್ಟಿಯನ್ನು ಕಿತ್ತು, ಅದರ ಹೊಂಬಣ್ಣದ ಅಂಚನ್ನು ರಬ್ಬರಿನಿಂದ ನಾಲ್ಕು ಸಲ ಉಜ್ಜಿ, ಉಫ್ ಎಂದು ಊದಿ, ಮತ್ತೆ ಸಿಕ್ಕಿಸಿದರು. ಕಂಪ್ಯೂಟರ್ ಏನೂ ಆಗಿಲ್ಲವೆಂಬಂತೆ ಎದ್ದು ಕೂತಿತು. ಅಂಚಿನ ಮೇಲೆ ಕೊಳೆ ಕೂತರೆ ವಿದ್ಯುತ್ತು ಸರಿಯಾಗಿ ತಗಲುವುದಿಲ್ಲ, ಇಷ್ಟೇ ವಿಷಯ. ಆದರೆ ನನ್ನ ಹೆಂಡತಿ ಅವತ್ತು ತನ್ನ ತಂಗಿಯ ಗಂಡನಿಗೆ ಬಡಿಸಿದ ಕೇಸರಿಬಾತಿನಲ್ಲಿ ಇದ್ದಷ್ಟು ಗೋಡಂಬಿ ನನ್ನ ತಟ್ಟೆಯಲ್ಲಿ ನಾನು ಎಂದೂ ಕಂಡಿಲ್ಲ.

ಇವೆಲ್ಲ ಗುಣಗಳು. ದೋಷ ಒಂದೇ, ಆದರೆ ಅದು ಎಲ್ಲ ಗುಣಗಳನ್ನೂ ನುಂಗುವಂಥದ್ದು. ಅದರ ಹೆಸರು ಫಾರ್ಮ್ಯಾಟ್.

ಪ್ರಿಂಟರ್ ಕಾಗದ ಎಳೆಯುತ್ತಿಲ್ಲವೆಂದರೆ, 'ಫಾರ್ಮ್ಯಾಟ್ ಹೊಡೆದ್ಬಿಡೋಣ ಭಾವ.' ಸ್ಪೀಕರಿನಲ್ಲಿ ಸದ್ದು ಬರುತ್ತಿಲ್ಲವೆಂದರೆ, 'ಒಂದ್ಸಲ ಫಾರ್ಮ್ಯಾಟ್ ಆಗ್ಬಿಟ್ರೆ ಕ್ಲೀನಾಗಿರತ್ತೆ.' ಮನೆ ಸೋರುತ್ತದೆ ಎಂದು ಗಾರೆಯವನನ್ನು ಕರೆದರೆ ಆತ ಬುಲ್ಡೋಜರ್ ತಂದಂತೆ. ಅಡ್ಡ ಬರುವುದಕ್ಕೆ ನನಗೆ ಜ್ಞಾನ ಸಾಲದು, ಹೆಂಡತಿಗೆ ಮನಸ್ಸಿಲ್ಲ. ಇಷ್ಟಾಗಿಯೂ ಅವರು ಎಚ್ಚರಿಕೆಯ ಮನುಷ್ಯರೇ. 'ಡೆಸ್ಕ್‌ಟಾಪ್ ಮೇಲೆ ಮುಖ್ಯವಾದ್ದು ಏನೂ ಇಟ್ಟಿಲ್ಲ ತಾನೆ?' ಎಂದು ಕೇಳಿಯೇ ಕೇಳುತ್ತಾರೆ. ಫಾರ್ಮ್ಯಾಟ್ ಅರ್ಧ ಮುಗಿದ ಮೇಲೆ ಕೇಳುತ್ತಾರೆ.

ಹೀಗೊಂದು ಫಾರ್ಮ್ಯಾಟಿನ ಮರುದಿನ ನಮ್ಮ ಮಾವನವರು ತಮ್ಮ ವಂಶವೃಕ್ಷ ನೋಡಲು ಬಂದರು. ನಿವೃತ್ತಿಯಾದ ಮೇಲೆ ಊರೂರು ಸುತ್ತಿ, ಜೋಯಿಸರ ಕಡತ ಬಿಡಿಸಿ, ಹಳೆಯ ನುಡಿ ತಂತ್ರಾಂಶದಲ್ಲಿ ಒಂದೊಂದೇ ಬೆರಳಿನಿಂದ ಕುಟ್ಟಿದ ವಂಶವೃಕ್ಷ ಅದು. ಪುಣ್ಯಕ್ಕೆ ಡಿ ಡ್ರೈವಿನಲ್ಲಿದ್ದುದರಿಂದ ಫೈಲು ಉಳಿದಿತ್ತು. ತೆರೆದರೆ ಒಳಗೆ ಕನ್ನಡವೇ ಇಲ್ಲ. ಪೌಂಡಿನ ಗುರುತುಗಳು, ತಲೆಯ ಮೇಲೆ ಓರೆಗೀಟು ಬಿದ್ದ ಇಂಗ್ಲಿಷ್ ಅಕ್ಷರಗಳು. ಮಾವನವರು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು. 'ನಮ್ಮ ಮುತ್ತಜ್ಜ ಹೊಳೆನರಸೀಪುರದ ಕಡೆಯವರು ಅಂತ ನಾನು ತಿಳ್ಕೊಂಡಿದ್ದೆ. ಇದರಲ್ಲಿ ಪ್ಯಾರಿಸ್‌ನವರ ಹಾಗೆ ಕಾಣ್ತಾರಲ್ಲಪ್ಪಾ' ಅಂದರು.

ಷಡ್ಡಕರು ಫೋನಿನಲ್ಲೇ ಪಾಠ ಮಾಡಿದರು. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ನುಡಿ, ಬರಹ ಕಡತಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಇಟ್ಟಿರುತ್ತಾರಂತೆ. ಫಾಂಟ್ ಇದ್ದರೆ ಬಾಡಿಗೆದಾರ ಕಾಣುತ್ತಾನೆ, ಫಾಂಟ್ ಹೋದರೆ ಮನೆ ಮಾಲೀಕ ಎದ್ದು ಬರುತ್ತಾನೆ. ಭಾನುವಾರ ಬಂದು ನುಡಿ ಹಾಕಿಕೊಟ್ಟರು. ಮುತ್ತಜ್ಜ ಹೊಳೆನರಸೀಪುರಕ್ಕೆ ಮರಳಿದರು. ಮಾವನವರು ಮಾತ್ರ ವಂಶವೃಕ್ಷವನ್ನು ಅಂದೇ ಪ್ರಿಂಟ್ ತೆಗೆಸಿ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು, ಕಿರಿಯ ಅಳಿಯನ ಎದುರಿಗೇ.

ಇನ್ನು ನಮ್ಮ ಕಂಪ್ಯೂಟರಿನ ವೃದ್ಧಾಪ್ಯದ ಕಥೆ. ಅದು 2010ರಲ್ಲಿ ಕೊಂಡದ್ದು. ಒಳಗೆ ವಿಂಡೋಸ್ 7, 2 ಜಿಬಿ ರ‍್ಯಾಮ್, ಆಗಿನ ಕಾಲಕ್ಕೆ ಶ್ರೀಮಂತಿಕೆ. ಬರುಬರುತ್ತಾ ಬೆಳಿಗ್ಗೆ ಆನ್ ಮಾಡಿ ಹಾಲು ತರಲು ಹೋಗಿ, ಬಂದು ಕಾಫಿ ಕುಡಿದು, ಪೇಪರಿನ ಕೊನೆಯ ಪುಟ ಮುಗಿಸಿದರೂ ಆ ಬಣ್ಣದ ಚಕ್ರ ತಿರುಗುತ್ತಲೇ ಇರುತ್ತಿತ್ತು. ಹೊಸದು ಕೊಳ್ಳುವುದು ಬುದ್ಧಿವಂತಿಕೆ. ಆದರೆ ನಮ್ಮ ಮನೆಯಲ್ಲಿ ತಿರುಗುವ ವಸ್ತುವನ್ನು ಯಾರೂ ಬಿಸಾಡಿದ್ದಿಲ್ಲ. ನನ್ನ ತಾಯಿಯ ಮದುವೆಯಲ್ಲಿ ಕೊಟ್ಟ ಫ್ಯಾನು ಈಗಲೂ ತಿರುಗುತ್ತದೆ.

'ರ‍್ಯಾಮ್ ಸಾಲ್ದು ಭಾವ' ಎಂದು ತೀರ್ಪು ಬಂತು. ಮುಂದಿನ ವಾರ ಕರವಸ್ತ್ರದಲ್ಲಿ ಸುತ್ತಿ ಒಂದು ಪಟ್ಟಿ ತಂದರು. ಯಾರ ಮನೆಯದೋ ಹಳೆಯದು, ಬಿಟ್ಟಿ. ಕ್ಯಾಬಿನೆಟ್ ಅಡ್ಡ ಮಲಗಿತು, ನನಗೆ ಮೊಬೈಲ್ ಟಾರ್ಚಿನ ಹುದ್ದೆ ಸಿಕ್ಕಿತು. ಈ ಹುದ್ದೆಯಲ್ಲಿ ನನಗೆ ಎಷ್ಟೋ ವರ್ಷದ ಸೇವೆಯಾಗಿದೆ, ಬಡ್ತಿಯ ಲಕ್ಷಣವಿಲ್ಲ. 'ಅಲ್ಲಲ್ಲ ಭಾವ, ಇಲ್ಲಿ. ಇಲ್ಲಲ್ಲ, ಕೆಳಗೆ. ನನ್ನ ಕೈ ಮೇಲೆ ಬಿಡಬೇಡಿ, ಕೈ ಕೆಳಗೆ ಬಿಡಿ.' ಕೈ ಕೆಳಗೆ ಬೆಳಕು ಬಿಡುವ ವಿದ್ಯೆ ನನಗೆ ಇನ್ನೂ ಒಲಿದಿಲ್ಲ. ಪಟ್ಟಿ ಒಳಗೆ ಹೋಗಲೊಲ್ಲದು. 'ಸ್ವಲ್ಪ ಒತ್ತಿದ್ರೆ ಕೂರತ್ತೆ' ಎಂದು ಹೆಬ್ಬೆರಳು ಊರಿದರು. ಮದರ್‌ಬೋರ್ಡು ಕಟಕಟ ಅಂದಿತು. ಆಮೇಲೆ ಟಾರ್ಚನ್ನು ತಾವೇ ಕಿತ್ತುಕೊಂಡು ನೋಡಿದರೆ, ಬೋರ್ಡು ಡಿಡಿಆರ್3, ತಂದದ್ದು ಡಿಡಿಆರ್2. ಎರಡಕ್ಕೂ 240 ಪಿನ್ನೇ, ಉದ್ದವೂ ಒಂದೇ, ನಡುವಿನ ಕಚ್ಚು ಮಾತ್ರ ಸ್ವಲ್ಪ ಆಚೀಚೆ. ಇವರಂಥವರು ಇದ್ದಾರೆಂದು ತಿಳಿದೇ ಕಂಪನಿಯವರು ಆ ಕಚ್ಚು ಇಟ್ಟಿರಬೇಕು.

ಸರಿ, ಬೆಂಗಳೂರಿನ ಎಸ್.ಪಿ. ರೋಡಿಗೆ ಸವಾರಿ. ಟೌನ್‌ಹಾಲಿನ ಹತ್ತಿರದ ಆ ಸಾದರ್ ಪತ್ರಪ್ಪ ರಸ್ತೆಗೆ ಕಾಲಿಟ್ಟರೆ ಇವರ ನಡಿಗೆಯೇ ಬದಲಾಗುತ್ತದೆ. ಪುಟ್ಟ ಪುಟ್ಟ ಅಂಗಡಿಗಳು, ಮೆಟ್ಟಿಲ ಕೆಳಗೂ ಅಂಗಡಿ, ಕೈಗಾಡಿಯಲ್ಲಿ ಮಾನಿಟರುಗಳ ಗೋಪುರ. ಹುಡುಗರು 'ಏನ್ ಬೇಕು ಸಾರ್, ಬನ್ನಿ ಸಾರ್' ಎಂದು ತೋಳು ಹಿಡಿಯುತ್ತಾರೆ. ನಾನು ಪ್ಯಾಂಟಿನ ಜೇಬು ಒತ್ತಿ ಹಿಡಿದು ನಡೆದರೆ, ಇವರು ಮದುವೆ ಸೀರೆ ಆರಿಸುವ ಅತ್ತೆಯಷ್ಟು ನಿಧಾನವಾಗಿ ಅಂಗಡಿ ಅಂಗಡಿ ಹತ್ತಿ ಇಳಿದು, ಮೊದಲ ಅಂಗಡಿಗೇ ವಾಪಸು ಬಂದು, ಮೊದಲು ಹೇಳಿದ ಬೆಲೆಗೇ ಕೊಂಡರು.

4 ಜಿಬಿ ಆಯಿತು. ಹಾಕಿ ನೋಡಿದರೆ ಕಂಪ್ಯೂಟರ್ 3.2 ಜಿಬಿ ಮಾತ್ರ ಒಪ್ಪಿಕೊಂಡಿತು. ಉಳಿದದ್ದು ಎಲ್ಲಿ ಹೋಯಿತೆಂದು ನಾನು ಜಿಪುಣನ ಸಂಕಟದಿಂದ ಕೇಳಿದೆ. ನಮ್ಮದು 32 ಬಿಟ್ ವಿಂಡೋಸಂತೆ. ಅದರ ಲೆಕ್ಕ 4 ಜಿಬಿಗೇ ನಿಲ್ಲುತ್ತದಂತೆ, ಅದರಲ್ಲೂ ಒಂದಷ್ಟು ವಿಳಾಸಗಳನ್ನು ಗ್ರಾಫಿಕ್ಸು ಮುಂತಾದ ಒಳಗಿನ ಭಾಗಗಳಿಗೆ ಬಿಟ್ಟುಕೊಡಬೇಕಂತೆ. ಪೂರ್ತಿ ಸಿಗಬೇಕಾದರೆ 64 ಬಿಟ್ ಹಾಕಬೇಕು. ಅದಕ್ಕೇನು ಮಾಡಬೇಕು? ಷಡ್ಡಕರ ಮುಖದಲ್ಲಿ ಚಂದ್ರೋದಯವಾಯಿತು. ಓದುಗರಿಗೆ ಗೊತ್ತಾಗಿರುತ್ತದೆ.

ಕೋಪವನ್ನೆಲ್ಲ ಬರೆದ ಮೇಲೆ ಋಣವನ್ನೂ ಬರೆಯಬೇಕು. ಒಮ್ಮೆ ಕಂಪ್ಯೂಟರಿನಲ್ಲಿ ಒಂದು ವೆಬ್‌ಸೈಟೂ ತೆರೆಯದೆ ಹೋಯಿತು. ಅಂಗಡಿಯೊಂದಕ್ಕೆ ಹೊತ್ತೊಯ್ದರೆ, ಮದರ್‌ಬೋರ್ಡ್ ಹೋಗಿದೆ, ಹೊಸದಕ್ಕೆ ಇಷ್ಟು ಸಾವಿರ ಎಂದರು. ಷಡ್ಡಕರು ಪರದೆಯ ಬಲಮೂಲೆ ನೋಡಿ ನಕ್ಕರು. ಅಲ್ಲಿ 2009ರ ಜನವರಿ 1. ಕೊಳ್ಳುವ ಮುಂಚಿನ ವರ್ಷಕ್ಕೇ ಕಂಪ್ಯೂಟರ್ ಹಿಂದಿರುಗಿತ್ತು. ಬ್ಯಾಂಕಿನ ವೆಬ್‌ಸೈಟ್ ತೋರಿಸುವ ಪ್ರಮಾಣಪತ್ರ ಅದರ ಲೆಕ್ಕದಲ್ಲಿ ಇನ್ನೂ ಹುಟ್ಟಿಯೇ ಇಲ್ಲ, ನಂಬುವುದು ಹೇಗೆ? ಬೋರ್ಡಿನ ಮೇಲೆ ತಾರೀಖು ಕಾಯುವ ಬಿಲ್ಲೆಯಂಥ ಸೆಲ್ಲು ಸತ್ತಿತ್ತು. ಸಿಆರ್2032, 3 ವೋಲ್ಟು, ವಾಚ್ ರಿಪೇರಿಯವನ ಹತ್ತಿರ ಸಿಗುವಂಥದ್ದು. ಅದೇ ಕೈಯಲ್ಲಿ ಪ್ರೊಸೆಸರಿನ ಫ್ಯಾನ್ ಬಿಚ್ಚಿದರು. ಕೆಳಗಿನ ಅಲ್ಯುಮಿನಿಯಂ ರೆಕ್ಕೆಗಳ ನಡುವೆ ಧೂಳು ಕಂಬಳಿಯ ಹಾಗೆ ಹೆಣೆದುಕೊಂಡಿತ್ತು. ಒಂದು ಮೂಲೆಯಲ್ಲಿ ಹಲ್ಲಿಯ ಮೊಟ್ಟೆಯ ಚಿಪ್ಪು. ಬಿಸಿ ಹೆಚ್ಚಾದರೆ ಪ್ರೊಸೆಸರು ಸುಟ್ಟುಹೋಗದಿರಲು ತಾನೇ ವೇಗ ಇಳಿಸಿಕೊಳ್ಳುತ್ತದೆ. 'ಪಾಪ, ಇದು ಸೋಮಾರಿಯಲ್ಲ ಭಾವ, ಇದಕ್ಕೆ ಸೆಕೆ' ಎಂದು ಬ್ರಷ್ಷಿನಿಂದ ಒಂದೊಂದೇ ರೆಕ್ಕೆ ಗುಡಿಸಿದರು. ಕಂಪ್ಯೂಟರಿನ ಬಗ್ಗೆ ಯಾರಾದರೂ ಪಾಪ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನಿಜವಾದ ಪವಾಡ ನಡೆದದ್ದು ಹಾರ್ಡ್‌ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿದ ದಿನ. ಹಳೆಯ ಹಾರ್ಡ್‌ಡಿಸ್ಕಿನ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಕೇಳಲು ಭಯಂಕರ ವೇಗ. ಆದರೆ ಬೇಕಾದ ಜಾಗ ಓದುವ ಸೂಜಿಯ ಕೆಳಗೆ ಬರುವುದಕ್ಕೆ ಸರಾಸರಿ ಅರ್ಧ ಸುತ್ತು, ಅಂದರೆ ನಾಲ್ಕು ಮಿಲಿಸೆಕೆಂಡು ಕಾಯಬೇಕು. ಸೂಜಿ ಅಲ್ಲಿಗೆ ಸರಿಯುವ ಹೊತ್ತು ಬೇರೆ. ಶುರುವಾಗುವಾಗ ಹೀಗೆ ಸಾವಿರಾರು ಸಲ ಹುಡುಕಾಟ. ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಅಂದಿನಿಂದ ಹಾಲು ತರುವ ಮಾತಿರಲಿ, ಚಪ್ಪಲಿ ಮೆಟ್ಟುವಷ್ಟರಲ್ಲಿ ಕಂಪ್ಯೂಟರ್ ಸಿದ್ಧವಾಗಿರುತ್ತದೆ. ರ‍್ಯಾಮಿಗೆ ಮೊದಲೇ ಇದನ್ನು ಹಾಕಬಹುದಿತ್ತಲ್ಲವೇ ಎಂದು ಕೇಳಬೇಕೆನಿಸಿತು. ಷಡ್ಡಕ ಸಂಬಂಧ, ಕೇಳಲಿಲ್ಲ. ಕೆಲಸ ಮುಗಿದಾಗ ಎಂದಿನಂತೆ ಎರಡು ಸ್ಕ್ರೂ ಉಳಿದವು. 'ಕಂಪನಿಯವರು ಜಾಸ್ತಿ ಹಾಕಿರ್ತಾರೆ' ಅಂದರು. ನನ್ನ ಹೆಂಡತಿ ಅವನ್ನು ಹಾಕಿಡುವ ಹಾರ್ಲಿಕ್ಸ್ ಬಾಟಲಿ ಈಗ ಮುಕ್ಕಾಲು ತುಂಬಿದೆ.

ಕಂಪ್ಯೂಟರುಗಳು ಯಾಕೆ ಹೀಗೆ ಜಡವಾಗುತ್ತವೆ ಎಂಬ ಮಾತು ಬಂದರೆ ಷಡ್ಡಕರು ಭಕ್ತಿಯಿಂದ ವಿರ್ತ್ ಹೆಸರು ಎತ್ತುತ್ತಾರೆ. ನಿಕ್ಲಾಸ್ ವಿರ್ತ್ ಸ್ವಿಟ್ಜರ್ಲೆಂಡಿನ ವಿಜ್ಞಾನಿ, ಪ್ಯಾಸ್ಕಲ್ ಭಾಷೆ ಕಟ್ಟಿದವರು. ಯಂತ್ರ ಚುರುಕಾಗುವುದಕ್ಕಿಂತ ಬೇಗ ತಂತ್ರಾಂಶ ಜಡವಾಗುತ್ತಿದೆ ಎಂದು 1995ರಲ್ಲೇ ದೂರಿದ್ದರು. ಷಡ್ಡಕರು ಇದಕ್ಕೆ ಸಾಲ ವಿಭಾಗದ ಲೆಕ್ಕ ಸೇರಿಸುತ್ತಾರೆ. 2001ರ ವಿಂಡೋಸ್ ಎಕ್ಸ್‌ಪಿಗೆ ಕನಿಷ್ಠ 64 ಎಂಬಿ ರ‍್ಯಾಮ್ ಇದ್ದರೆ ನಡೆಯುತ್ತಿತ್ತು. 2021ರ ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಬೇಕು. ಇಪ್ಪತ್ತು ವರ್ಷದಲ್ಲಿ ಅರುವತ್ನಾಲ್ಕು ಪಟ್ಟು. 'ನೀವು ಬರೆಯೋ ಲೇಖನ ಅರುವತ್ನಾಲ್ಕು ಪಟ್ಟು ಉದ್ದವಾಗಿದೆಯಾ ಭಾವ?' ಆಗಿದೆ ಎನ್ನುವ ಸಂಪಾದಕರಿದ್ದಾರೆ. ಆದರೂ ಅವರ ಮಾತು ನಿಜ.

ಫಾರ್ಮ್ಯಾಟಿನ ಮೇಲೆ ಫಾರ್ಮ್ಯಾಟಾಗಿ ವಿಂಡೋಸ್ 10ಕ್ಕೆ ಬಂದಿದ್ದೆವು. 2025ರ ಅಕ್ಟೋಬರ್ 14ಕ್ಕೆ ಅದಕ್ಕೂ ಕಂಪನಿಯ ಸಾಮಾನ್ಯ ಆಸರೆ ನಿಂತಿತು. 11ಕ್ಕೆ ಏರೋಣವೆಂದರೆ ಟಿಪಿಎಂ 2.0 ಎಂಬ ಭದ್ರತೆಯ ವ್ಯವಸ್ಥೆ ಬೇಕು, ಪ್ರೊಸೆಸರು ಹೊಸ ತಲೆಮಾರಿನದಾಗಿರಬೇಕು. ಷಡ್ಡಕರು ಪೆನ್‌ಡ್ರೈವಿನಲ್ಲಿ ಲಿನಕ್ಸ್ ಮಿಂಟ್ ತಂದು ಹಾಕಿದರು. ಚೆನ್ನಾಗಿಯೇ ಓಡುತ್ತಿದೆ, ಕನ್ನಡವೂ ಬರುತ್ತದೆ. ಮುತ್ತಜ್ಜನ ಕಡತವನ್ನು ಯೂನಿಕೋಡಿಗೆ ತಿರುಗಿಸಿಯೂ ಕೊಟ್ಟಿದ್ದಾರೆ.

ಆದರೆ ಅವರು ಬರುವುದು ಕಡಿಮೆಯಾಗಿದೆ. ನೆಂಟರ ಮನೆಗಳ ಮೂಲೆಯಲ್ಲಿ ಕಸೂತಿ ಬಟ್ಟೆ ಹೊದ್ದ ಪೆಟ್ಟಿಗೆಗಳೇ ಈಗಿಲ್ಲ. ಹುಡುಗರು ಎಲ್ಲವನ್ನೂ ಫೋನಿನಲ್ಲೇ ಮುಗಿಸುತ್ತಾರೆ. ನನ್ನ ಮಗಳು ತೆಳ್ಳನೆಯ ಲ್ಯಾಪ್‌ಟಾಪ್ ಕೊಂಡಾಗ ಅವರನ್ನು ಕರೆದು ತೋರಿಸಿದೆವು. ಬೆನ್ನು ಮೇಲೆ ಮಾಡಿ ತಿರುಗಿಸಿ ನೋಡಿದರು. ಹಿಂದಿನ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮಿಗೆಂದೇ ಚಿಕ್ಕ ಮುಚ್ಚಳವಿರುತ್ತಿತ್ತು, ಇದರಲ್ಲಿಲ್ಲ. 'ಚಿಕ್ಕಪ್ಪ, ಅದು ಬೋರ್ಡಿಗೇ ಬೆಸುಗೆ ಹಾಕಿರ್ತಾರೆ, ಬದಲಾಯಿಸೋಕೆ ಬರಲ್ಲ' ಎಂದಳು ಮಗಳು. 'ಸ್ಲೋ ಆದ್ರೆ?' 'ಹೊಸದು ತಗೊಳ್ಳೋದು.' ಅವರು ತಲೆಯಾಡಿಸಿ, ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಮೇಜಿನ ಮೇಲಿಟ್ಟು, 'ತುಂಬಾ ಚೆನ್ನಾಗಿದೆ ಪುಟ್ಟಿ' ಅಂದರು. ಅವತ್ತು ಕೇಸರಿಬಾತನ್ನೂ ಪೂರ್ತಿ ತಿನ್ನಲಿಲ್ಲ.

ನನಗೆ ಅಯ್ಯೋ ಅನಿಸಿದ್ದು ಹೌದು, ಆದರೆ ಅದು ವ್ಯರ್ಥವಾಯಿತು. ಮೊನ್ನೆ ಫೋನ್ ಬಂತು, ದನಿಯಲ್ಲಿ ಹಳೆಯ ಉತ್ಸಾಹ. 'ಭಾವಾ, ಅತ್ತೆಯವರ ಮಿಕ್ಸಿ ಈಚೆಗೆ ಸ್ವಲ್ಪ ಸ್ಲೋ ಅಂತೆ. ನೋಡಿದೆ, ಕೆಳಗಡೆ ನಾಲ್ಕು ಸ್ಕ್ರೂ ಇದೆ.' ನಾನು ಕೂಡಲೇ ಅತ್ತೆಯವರಿಗೆ ಸುದ್ದಿ ಮುಟ್ಟಿಸಿದೆ. ಮಿಕ್ಸಿ ಸದ್ಯಕ್ಕೆ ಪಕ್ಕದ ಮನೆಯಲ್ಲಿದೆ.